ನೀರು ಬಂದಾಗ ನೀವೇನು ಮಾಡುತ್ತಿದ್ದಿರಿ

ಹೊಲಿಗೆಯಮ್ಮನ ಬಳಿ ಒಂದು ಕಥೆಯಿತ್ತು. ಬಟ್ಟೆ ಹೊಲಿಸಲು ಬಂದವರು ಅಳತೆಗೆಂದು ಕೈ ಅಗಲಿಸಿ ನಿಂತರೆ ಸಾಕು, ಆ ಕಥೆ ಶುರುವಾಗುತ್ತಿತ್ತು. ಕೈ ಇಳಿಸುವಂತಿಲ್ಲ, ಓಡಿಹೋಗುವಂತೆಯೂ ಇಲ್ಲ, ಪಾಪ, ಎಲ್ಲರೂ ಕೇಳಿಯೇ ಹೋಗುತ್ತಿದ್ದರು. ಹಿಂದಿನ ಮಳೆಗಾಲದಲ್ಲಿ ಕೆಳಬೀದಿಗೆಲ್ಲ ನೀರು ನುಗ್ಗಿದ ದಿನ ಅವಳ ಗಂಡ ಮನೆ ಉಳಿಸಿದ ಕಥೆ ಅದು.

“ಇಡೀ ಬೀದಿ ಸಾಮಾನು ಕಳ್ಕೊಂಡಿತು ಕಣ್ರೀ. ನಮ್ಮನೇಲಿ ಒಂದು ದಾರದುಂಡೆ ಸಹ ನೆನೀಲಿಲ್ಲ. ಇವರು ಓಡಿ ಬಂದ್ರು. ಹೊಲಿಗೆ ಮಿಷನ್ ಎತ್ತಿ ಮಂಚದ ಮೇಲಿಟ್ರು, ಅದರ ಪಕ್ಕ ಗಿರಾಕಿಗಳ ಬಟ್ಟೆ ಗಂಟು, ಅದರ ಮೇಲೆ ಮಗಳ ಪುಸ್ತಕ. ಮಾವನ್ನ ಮಗು ಥರ ಎತ್ಕೊಂಡು ಹೋಗಿ ಮಹಡಿ ಮೆಟ್ಟಿಲ ಮೇಲೆ ಕೂರಿಸಿದ್ರು.”

“ಮಗು ಥರ ಅಲ್ಲ, ಮೂಟೆ ಥರ,” ಎಂದು ಒಳಗಿನಿಂದ ಮಾವ ತಿದ್ದುತ್ತಿದ್ದರು. ಕಥೆಯಲ್ಲಿ ಅವರ ಪಾಲು ಅಷ್ಟು. ಬಂದವರು ನಗುತ್ತಿದ್ದರು. ಗಂಡ ಮನೆಯಲ್ಲಿದ್ದರೆ ಆ ಹೊತ್ತಿಗೆ ಸರಿಯಾಗಿ ಚಪ್ಪಲಿ ಮೆಟ್ಟಿ ಹೊರಗೆ ಹೋಗಿಬಿಡುತ್ತಿದ್ದ. “ಹೊಗಳಿದ್ರೆ ನಾಚಿಕೆ ಇವರಿಗೆ,” ಎಂದು ಅವಳು ಹಲ್ಲಿನ ನಡುವೆ ಗುಂಡುಪಿನ್ನು ಕಚ್ಚಿಕೊಂಡೇ ಹೇಳುತ್ತಿದ್ದಳು.

ಗಂಡ ಪಂಪುಮನೆಯ ಕೆಲಸಗಾರ. ಕೆಳಬೀದಿ ತಗ್ಗಿನಲ್ಲಿದೆ, ಮೇಲಿನ ಬೀದಿಗಳ ನೀರೂ ಅಲ್ಲಿಗೇ ಹರಿದು ಬರುತ್ತದೆ, ತಾನಾಗಿ ಎಲ್ಲಿಗೂ ಹೋಗುವುದಿಲ್ಲ. ಬೀದಿಯ ಕೊನೆಯ ದೊಡ್ಡ ಗುಂಡಿಗೆ ಇಳಿಯುತ್ತದೆ, ಅಲ್ಲಿಂದ ಪಂಪು ಅದನ್ನು ಎತ್ತಿ ಗೋಡೆಯಾಚೆಯ ಕಾಲುವೆಗೆ ಸುರಿಯುತ್ತದೆ. ಪಂಪು ಓಡಿದರೆ ಅದು ಬೀದಿ, ನಿಂತರೆ ಕೊಳ. ಊರಿನವರು ಅವನನ್ನು ಪಂಪಿನಣ್ಣ ಎನ್ನುತ್ತಿದ್ದರು, ಗೌರವದಿಂದಲೇ. ಆ ದಿನ ನೀರು ಕೆಲವು ಮನೆಗಳಲ್ಲಿ ಎದೆಮಟ್ಟಕ್ಕೆ ಬಂದಿತ್ತು. ಅದೇ ಬೀದಿಯ ಬಡಗಿಯ ಹೆಂಡತಿ ಆಪರೇಷನ್ ಮಾಡಿಸಿಕೊಂಡು ಬಂದು ಮಲಗಿದ್ದಳು. ಏಳಲಾರದೆ ಮಲಗಿದಲ್ಲೇ ತೀರಿಕೊಂಡಳು. ಆಮೇಲೆ ಮೇಲಧಿಕಾರಿಗಳು ಬಂದು ನೋಡಿ, ಮಳೆ ಪಂಪಿನ ಶಕ್ತಿ ಮೀರಿ ಸುರಿದಿದೆ ಎಂದು ಬರೆದುಕೊಂಡು ಹೋದರು. ಮಳೆಯ ಜೊತೆ ಯಾರು ಜಗಳಕ್ಕೆ ನಿಲ್ಲುತ್ತಾರೆ? ಜನ ನಂಬಿದರು.

ಹೀಗಿರುವಾಗ ಮಗಳಿಗೆ ಭೂಗೋಳ ಓದಬೇಕೆಂಬ ಹುಚ್ಚು ಹಿಡಿಯಿತು. ಚಿಕ್ಕವಳಿದ್ದಾಗಿನಿಂದ ಅಮ್ಮನ ಟೇಪು ಕದ್ದು ಬಾಗಿಲು, ಬೆಕ್ಕು, ತಾತನ ಮೂಗು ಎಲ್ಲ ಅಳೆಯುತ್ತಿದ್ದ ಹುಡುಗಿ. ತಾತ ಅವಳಿಗೆ ಇಟ್ಟ ಹೆಸರೇ ಟೇಪು. ಈಗ ಶಾಲೆಯ ಕೊನೆಯ ವರ್ಷ. ದೂರದ ದೊಡ್ಡ ವಿಶ್ವವಿದ್ಯಾಲಯದಲ್ಲಿ ಭೂಗೋಳದ ಪದವಿಗೆ ಅರ್ಜಿ ಹಾಕು ಎಂದು ಶಾಲೆಯ ಟೀಚರು ಬೆನ್ನು ಹತ್ತಿದ್ದರು. ಸೀಟು ಸಿಕ್ಕರೆ ಓದು, ಊಟ, ಹಾಸ್ಟೆಲ್ಲು ಎಲ್ಲ ಅವರದ್ದೇ. ಆದರೆ ಸೀಟು ಬೆರಳೆಣಿಕೆ, ಕೇಳುವವರು ಊರು ತುಂಬ.

“ಮ್ಯಾಪು ನೋಡೋಕೂ ಪದವಿ ಬೇಕಾ?” ಎಂದರು ತಾತ ಅನ್ನ ಕಲಸುತ್ತ. “ದಾರಿ ತಪ್ಪಿದರೆ ಬಸ್ ಕಂಡಕ್ಟರನ್ನ ಕೇಳಿದ್ರಾಯ್ತು.”

“ಕಂಡಕ್ಟರು ದಾರಿ ಹೇಳ್ತಾನೆ ತಾತ. ಆ ದಾರಿ ಅಲ್ಲೇ ಯಾಕೆ ಇದೆ ಅಂತ ಹೇಳ್ತಾನಾ?”

“ಯಾಕಿದ್ರೆ ನಿನಗೇನು? ನಡೆಯೋಕೆ ಇದೆ.”

“ಓದಲಿ ಬಿಡಪ್ಪ,” ಎಂದ ಅಪ್ಪ. “ನಮ್ಮನೇಲಿ ಒಬ್ಬರಾದ್ರೂ ಈ ಬೀದಿ ದಾಟಿ ಹೋಗಲಿ.” ಅಷ್ಟು ಹೇಳಿ ತನ್ನ ತಟ್ಟೆಯಲ್ಲಿದ್ದ ಮೊಟ್ಟೆಯ ಅರ್ಧವನ್ನು ಮಗಳ ತಟ್ಟೆಗೆ ಹಾಕಿದ. ಮಗಳ ಓದೆಂದರೆ ಅವನಿಗೆ ಪ್ರಾಣ. ಹೊಲಿಗೆಯಮ್ಮನಿಗೂ ಅಷ್ಟೇ, ಆದರೆ ಅವಳು ಮೊಟ್ಟೆ ಬಿಟ್ಟುಕೊಡುವವಳಲ್ಲ.

ಅಂಕವೊಂದೇ ಸಾಲದಂತೆ. ಅರ್ಜಿ ಹಾಕುವ ಪ್ರತಿಯೊಬ್ಬರೂ ತಮ್ಮ ಸುತ್ತಮುತ್ತಲಿನ ಒಂದು ಜಾಗವನ್ನು ಸ್ವತಃ ಓಡಾಡಿ, ಅಳೆದು, ಜನರನ್ನು ಕೇಳಿ ಬರೆದು ಕಳಿಸಬೇಕು. ಅದು ಹಿಡಿಸಿದವರನ್ನು ಮಾತ್ರ ಸಂದರ್ಶನಕ್ಕೆ ಕರೆಯುತ್ತಾರೆ. ಮಗಳು ಕೆಳಬೀದಿಯ ನೀರನ್ನು ಆರಿಸಿಕೊಂಡಳು.

“ಅದ್ಯಾಕೆ? ಆಗಿ ಹೋದದ್ದನ್ನ ಯಾಕೆ ಕೆದಕ್ತೀಯಾ?” ಎಂದ ಅಪ್ಪ. “ಮಾರ್ಕೆಟ್ ಮೇಲೆ ಬರಿ. ತರಕಾರಿಯವರು ಎಲ್ಲೆಲ್ಲಿ ಕೂರ್ತಾರೆ, ನೆರಳು ಸರಿದ ಹಾಗೆ ಅವರೂ ಹೇಗೆ ಸರೀತಾರೆ, ನೋಡಿದ್ದೀಯಲ್ಲ.”

“ಅದನ್ನ ಯಾರು ಬೇಕಾದ್ರೂ ಬರೀತಾರೆ ಅಪ್ಪ. ನೀರು ನಮ್ಮದು.”

ಬೀದಿಯ ಏರುತಗ್ಗು ಅಳೆಯಲು ಅವಳು ಗಾರೆಕೆಲಸದವರಿಂದ ನೀರು ತುಂಬುವ ಉದ್ದದ ಪಾರದರ್ಶಕ ಪೈಪು ಎರವಲು ತಂದಳು. ಎರಡು ತುದಿಯನ್ನು ಇಬ್ಬರು ಎರಡು ಕಡೆ ಹಿಡಿದರೆ, ಒಳಗಿನ ನೀರು ಎರಡೂ ಕಡೆ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಯಾವ ಮನೆಯ ಹೊಸ್ತಿಲು ಎಷ್ಟು ತಗ್ಗು ಎಂದು ಗೊತ್ತಾಗುತ್ತದೆ. ರಜೆಯ ದಿನ ಅಪ್ಪ ಒಂದು ತುದಿ ಹಿಡಿದ. ಹೊಲಿಗೆಯಮ್ಮ ಬಾಗಿಲಲ್ಲಿ ಗುಂಡಿ ಹೊಲಿಯುತ್ತ ಕೂತು ನೋಡಿದಳು. ಅಪ್ಪ ಮಗಳು ಒಂದೊಂದೇ ಮನೆ ದಾಟಿ ಕೆಳಕ್ಕೆ ಇಳಿಯುತ್ತಿದ್ದರು. ಬಡಗಿಯ ಮನೆ ಬಂದಾಗ ಅವನು ತುದಿಯನ್ನು ಪಕ್ಕದ ಮನೆಯವರ ಕೈಗೆ ಕೊಟ್ಟು, ಪಂಪುಮನೆಯ ಬೀಗ ಹಾಕಿದೆನೋ ಇಲ್ಲವೋ ನೋಡಿ ಬರುತ್ತೇನೆ ಎಂದು ಹೊರಟುಹೋದ. ರಜೆಯ ದಿನವೂ ಪಂಪಿನದ್ದೇ ಚಿಂತೆ ಎಂದು ಅವಳಿಗೆ ಅಭಿಮಾನವೇ ಆಯಿತು.

ಆಮೇಲೆ ಮಗಳು ಮನೆಮನೆಗೆ ಹೋಗಿ ಒಂದೇ ಪ್ರಶ್ನೆ ಕೇಳತೊಡಗಿದಳು. ಎಷ್ಟು ಹೊತ್ತಿಗೆ ನೀರು ಬಂತು ಎಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಗಡಿಯಾರ. ಅದಕ್ಕೇ ಅವಳು ಬೇರೆ ಥರ ಕೇಳಿದಳು: ನೀರು ಬಂದಾಗ ನೀವೇನು ಮಾಡುತ್ತಿದ್ದಿರಿ? ಅದು ಎಲ್ಲರಿಗೂ ನೆನಪಿತ್ತು. ಸಂಜೆ ಊಟಕ್ಕೆ ಕೂತಾಗ ಅವಳು ಉತ್ತರಗಳನ್ನು ಓದುತ್ತಿದ್ದಳು, ಮನೆಯಲ್ಲಿ ಅದೇ ಮನರಂಜನೆಯಾಯಿತು.

“ಕ್ಷೌರದಂಗಡಿಯವನು ಒಬ್ಬರಿಗೆ ಅರ್ಧ ಗಡ್ಡ ಹೆರೆದಿದ್ದನಂತೆ.”

“ಉಳಿದರ್ಧಕ್ಕೆ ನೀರು ಉಚಿತ,” ಎಂದರು ತಾತ.

“ಇಸ್ತ್ರಿಯಕ್ಕ ಕೆಂಡ ಹಾಕಿ ಊದ್ತಾ ಇದ್ರಂತೆ. ಮೂಲೆಮನೆಯವರು ಮಳೆ ನಿಂತಿತು ಅಂತ ಬಟ್ಟೆ ಹಿಂಡಿ ಹಗ್ಗದ ಮೇಲೆ ಹಾಕ್ತಿದ್ರಂತೆ. ವಿಚಿತ್ರ ನೋಡಮ್ಮ, ಎಲ್ಲರೂ ಮಳೆ ಇಳಿದಿತ್ತು ಅಂತಾನೇ ಹೇಳ್ತಾರೆ. ಹಾಗಾದ್ರೆ ಮಳೆ ಜೋರಿದ್ದಾಗ ಬರದ ನೀರು ಮಳೆ ಇಳಿದ ಮೇಲೆ ಯಾಕೆ ಬಂತು?”

ಅಪ್ಪ ಅರ್ಧ ಊಟಕ್ಕೇ ಎದ್ದು ಕೈ ತೊಳೆದ.

ಬಡಗಿ ತನ್ನ ಮನೆಯ ಗೋಡೆಯಲ್ಲಿ ನೀರು ನಿಂತ ಮಟ್ಟಕ್ಕೆ ಪೆನ್ಸಿಲಿನಿಂದ ಗೆರೆ ಎಳೆದಿಟ್ಟಿದ್ದ. ಸುಣ್ಣ ಬಳಿಯಲು ಬಿಟ್ಟಿರಲಿಲ್ಲ. ಆ ದಿನ ಮೇಲುಬೀದಿಯ ತನ್ನ ಅಂಗಡಿಯಲ್ಲಿ ಡ್ರಾಯರಿಗೆ ಅಂಟು ಹಚ್ಚಿ ಬಿಗಿದಿಟ್ಟಿದ್ದನಂತೆ. ಅಂಟು ಒಣಗುವಷ್ಟರಲ್ಲಿ ಕೂಗು ಕೇಳಿಸಿತಂತೆ. ಓಡಿಬಂದರೆ ಬೀದಿಗೆ ಇಳಿಯಲಾಗಲಿಲ್ಲ. ಅದನ್ನು ಮಗಳು ಊಟದ ಹೊತ್ತಿನಲ್ಲಿ ಓದಲಿಲ್ಲ, ಅಮ್ಮನಿಗೊಬ್ಬಳಿಗೆ ಹೇಳಿದಳು. “ಮಾಮ ನನ್ನ ಕೈ ಹಿಡ್ಕೊಂಡು, ಸರಿಯಾಗಿ ಬರೆದ್ಕೋ ಮಗಳೇ, ಇದುವರೆಗೂ ಯಾರೂ ಕೇಳಿರಲಿಲ್ಲ ಅಂದ್ರು.”

ಟೀಚರು ಮಗಳ ನಕ್ಷೆ ನೋಡಿ, ಇಂಥದ್ದನ್ನು ಬರೆದವಳನ್ನು ಬಿಟ್ಟು ವಿಶ್ವವಿದ್ಯಾಲಯದವರು ಬೇರೆ ಯಾರನ್ನೂ ಕರೆಯಲಾರರು ಎಂದಿದ್ದರು. ಹುಡುಗಿ ಹಾರುತ್ತ ಮನೆಗೆ ಬಂದಳು.

“ಎಲ್ಲರದ್ದೂ ಆಯ್ತು, ನಮ್ಮನೆ ಒಂದು ಬಾಕಿ,” ಎಂದು ಮಿಷನ್ನಿನ ಎದುರು ಸ್ಟೂಲು ಎಳೆದುಕೊಂಡು ಕೂತಳು. “ಹೇಳಿ ಅಮ್ಮಾವ್ರೇ. ನೀರು ಬಂದಾಗ ನೀವೇನು ಮಾಡುತ್ತಿದ್ದಿರಿ?”

ಆ ದಿನ ಮಗಳು ಶಾಲೆಯಲ್ಲೇ ಸಿಕ್ಕಿಕೊಂಡಿದ್ದಳು. ಅವಳು ಈ ಕಥೆಯನ್ನು ಗಿರಾಕಿಗಳ ಜೊತೆ ಕೇಳಿದ್ದಳೇ ಹೊರತು ತನಗೆಂದು ಕೇಳಿರಲಿಲ್ಲ. ದೊಡ್ಡ ವಿಶ್ವವಿದ್ಯಾಲಯಕ್ಕೆ ಹೋಗುವ ಕಥೆ ಎಂದ ಮೇಲೆ ಕಡಿಮೆ ಹೇಳಲಾಗುತ್ತದೆಯೇ? ಹೊಲಿಗೆಯಮ್ಮ ಕಾಲು ಮಿಷನ್ನಿನಿಂದ ತೆಗೆದು, ಯಾರಿಗೂ ಹೇಳದ ಚೂರುಪಾರುಗಳನ್ನೂ ಸೇರಿಸಿ ಹೇಳಿದಳು.

“ಮಳೆ ಇಳಿದಿತ್ತು. ನಾನು ಟೀಗೆ ಇಟ್ಟಿದ್ದೆ. ನಿಮ್ಮಪ್ಪ ಬಂದ್ರು. ಬೆಳಗ್ಗಿಂದ ಓಡಿ ಓಡಿ ಮೋಟ್ರು ಕೆಂಡ ಆಗಿದೆ, ಆರೋಕೆ ಬಿಟ್ಟು ಬಂದಿದ್ದೀನಿ, ಯಾವುದಕ್ಕೂ ಇರಲಿ ಸಾಮಾನೆಲ್ಲ ಮೇಲಿಡೋಣ ಅಂದ್ರು. ಎಲ್ಲ ಇಟ್ಟು ಹೊರಟೇಬಿಟ್ಟಿದ್ರು, ನಾನೇ ಬಿಡಲಿಲ್ಲ. ಬೆಳಗ್ಗಿಂದ ಹೊಟ್ಟೆಗೆ ಏನೂ ಹಾಕಿಲ್ಲ, ಒಂದು ಲೋಟ ಟೀ ಕುಡಿದೇ ಹೋಗಿ ಅಂತ ಕೂರಿಸಿದೆ. ಕುದೀತಾ ಇತ್ತು. ಊದಿ ಊದಿ ಕುಡಿದ್ರು ಪಾಪ.”

ಮಗಳ ಪೆನ್ನು ನಿಂತಿತು. “ಆಗ ನೀರು ಎಲ್ಲಿತ್ತಮ್ಮ?”

“ಎಲ್ಲೂ ಇರಲಿಲ್ಲ. ಅವರು ಹೋದ ಮೇಲಲ್ವಾ ಬಂದದ್ದು.”

ಮಗಳು ಹಾಳೆಗಳನ್ನು ಮಡಚಿಕೊಂಡು ಒಳಗೆ ಹೋದಳು. ಹೊಲಿಗೆಯಮ್ಮನಿಗೆ ಸ್ವಲ್ಪ ಬೇಸರವಾಯಿತು. ಇಷ್ಟು ಚೆನ್ನಾಗಿ ಹೇಳಿದ್ದಕ್ಕೆ ಒಂದು ನಗುವೂ ಇಲ್ಲ.

ಅಂದಿನಿಂದ ಮಗಳು ಅಪ್ಪನ ಜೊತೆ ಊಟಕ್ಕೆ ಕೂರುವುದನ್ನು ಬಿಟ್ಟಳು. ಹಸಿವಿಲ್ಲ ಎನ್ನುವಳು, ಆಮೇಲೆ ಅಡಿಗೆಮನೆಯಲ್ಲಿ ನಿಂತುಕೊಂಡೇ ಬ್ರೆಡ್ಡು ತಿನ್ನುವಳು. ಓದಿನ ಒತ್ತಡ ಎಂದುಕೊಂಡಳು ತಾಯಿ. ಒಂದು ವಾರ ಹೀಗೇ ನಡೆಯಿತು. ಕೊನೆಗೆ ಅಪ್ಪನೇ ಕರೆದ.

“ಬಾ ಇಲ್ಲಿ, ಕೂತ್ಕೊ. ಬರೆಯೋದು ಎಲ್ಲಿಗೆ ಬಂತು? ನಂಗೂ ಒಂದು ಸಲ ಓದಿ ಹೇಳು.”

ಅವಳು ಕೂತಳು. ತಟ್ಟೆ ಮುಟ್ಟಲಿಲ್ಲ. “ಅಪ್ಪ, ನೀನು ಮನೇಲಿ ಟೀ ಕುಡೀತಿದ್ದಾಗ ಪಂಪಿನ ಹತ್ರ ಯಾರಿದ್ರು?”

ಅಪ್ಪನ ಕೈಯಲ್ಲಿದ್ದ ತುತ್ತು ತಟ್ಟೆಗೆ ಇಳಿಯಿತು. ತಾತ, “ಅದೇನು ಮಾತು ಅಪ್ಪನ ಹತ್ರ?” ಎಂದು ಗದರಿಸಿದರು. ಅಪ್ಪ ಯಾರ ಮುಖವನ್ನೂ ನೋಡದೆ ಮಾತಾಡಿದ.

“ಯಾರೂ ಇರಲಿಲ್ಲ. ಮೋಟ್ರು ಆರಿದ ತಕ್ಷಣ ಮತ್ತೆ ಹಾಕಬೇಕು. ಅಲ್ಲೇ ಕಾಯ್ತಾ ಕೂರಬೇಕು, ಅದೇ ನನ್ನ ಕೆಲಸ. ಮಳೆ ಇಳಿದಿತ್ತಲ್ಲ, ಒಂದು ಗಳಿಗೆ ಹೋಗಿ ಬಂದುಬಿಡ್ತೀನಿ ಅಂದ್ಕೊಂಡೆ. ಮೇಲಿಂದ ನೀರು ಇನ್ನೂ ಹರೀತಾನೇ ಇತ್ತು, ವಾಪಸ್ ಹೋದಾಗ ಗುಂಡಿ ತುಂಬಿ ಹೊರಗೆ ಬಂದಿತ್ತು. ಬಾಗಿಲು ಎಳೆದ್ರೆ ಬರಲಿಲ್ಲ, ನೀರು ಅದುಮಿ ಹಿಡಿದಿತ್ತು. ಸ್ವಿಚ್ಚು ಒಳಗೆ. ಸ್ವಲ್ಪ ಮುಂಚೆ ಹೋಗಿದ್ರೆ ಬಾಗಿಲು ಬರ್ತಿತ್ತು.”

“ಸ್ವಲ್ಪ ಅಂದ್ರೆ ಎಷ್ಟಪ್ಪ?”

ಸೌಟು ಹಿಡಿದು ನಿಂತಿದ್ದ ಹೊಲಿಗೆಯಮ್ಮನಿಗೆ ಅದು ಎಷ್ಟೆಂದು ಹೊಳೆಯಿತು, ಒಂದು ಲೋಟ ಟೀಯಷ್ಟು. ಕೂರಿಸಿದವಳು ಅವಳು. ಟೀ ಕೊಟ್ಟವಳು ಅವಳು. ಆ ದಿನದ ಕಥೆಯನ್ನು ಊರಿಗೆಲ್ಲ ಹೆಮ್ಮೆಯಿಂದ ಸಾರಿದವಳೂ ಅವಳೇ. ಚಪ್ಪಲಿ ಮೆಟ್ಟಿ ಹೊರಗೆ ಹೋಗುತ್ತಿದ್ದ ಗಂಡನ ಮುಖ ಈಗ ಅವಳ ಕಣ್ಣಿಗೆ ಕಟ್ಟಿತು. ಅದು ನಾಚಿಕೆಯಾಗಿರಲಿಲ್ಲ.

“ಬರಿ,” ಎಂದ ಅಪ್ಪ ಮಗಳಿಗೆ. “ಇದ್ದದ್ದು ಇದ್ದ ಹಾಗೆ ಬರಿ.”

“ತಲೆ ಕೆಟ್ಟಿದ್ಯಾ ನಿಂಗೆ?” ತಾತ ಗುಡುಗಿದರು. “ಕೆಲಸ ಹೋಗುತ್ತೆ. ಜೈಲಿಗೆ ಹಾಕಿದ್ರೂ ಹಾಕಿದ್ರೇ. ಹೋದವಳು ವಾಪಸ್ ಬರ್ತಾಳಾ?”

“ನೀನು ಸುಮ್ನಿರಪ್ಪ.”

“ನಾನ್ಯಾಕೆ ಸುಮ್ನಿರಲಿ? ಅವತ್ತು ಮೂಟೆ ಥರ ಎತ್ತಿಟ್ಯಲ್ಲ, ನನ್ನನ್ನೂ ಸೇರಿಸಿ ಬರೀಲಿ.” ಅಂದು ಮನೆಯಲ್ಲಿ ಯಾರ ತಟ್ಟೆಯೂ ಖಾಲಿಯಾಗಲಿಲ್ಲ.

ಮಾರನೆಯ ದಿನ ಪಾತ್ರೆ ತೊಳೆಯುವಾಗ ಹೊಲಿಗೆಯಮ್ಮ ಮಗಳ ಪಕ್ಕ ನಿಂತಳು. ಎಲ್ಲಿಂದ ಶುರು ಮಾಡಬೇಕೋ ತಿಳಿಯದೆ ತೊಳೆದ ಲೋಟವನ್ನೇ ಮತ್ತೆ ತೊಳೆದಳು.

“ಬೇರೆ ಏನಾದ್ರೂ ಬರೆಯೋಕಾಗಲ್ವಾ ಮಗಳೇ?”

“ಅಪ್ಪಾನೇ ಬರಿ ಅಂದ್ರಲ್ಲ.”

“ಅವರು ಅಂತಾರೆ. ಅವರಿಗೆ ಶಿಕ್ಷೆ ಬೇಕಾಗಿದೆ, ಅದಕ್ಕೆ ಅಂತಾರೆ. ನೀನು ಕೊಡ್ತೀಯಾ?”

ಮಗಳು ನಲ್ಲಿ ನಿಲ್ಲಿಸಿದಳು. “ನಮ್ಮನೆ ಒಂದನ್ನ ಬಿಟ್ಟು ಬರೆದು ನೋಡಿದೆ ಅಮ್ಮ. ಆದ್ರೂ ಪ್ರಶ್ನೆ ಪಂಪಿನ ಹತ್ರಾನೇ ಬಂದು ನಿಲ್ಲುತ್ತೆ. ಮಳೆ ಇಳಿದ ಮೇಲೆ ನೀರು ಬಂತಲ್ಲ, ಆಗ ಪಂಪು ಏನು ಮಾಡ್ತಿತ್ತು, ಸಂದರ್ಶನದಲ್ಲಿ ಮೊದಲು ಅದನ್ನೇ ಕೇಳ್ತಾರೆ ಅಂದ್ರು ಟೀಚರು. ಏನು ಬಿಡ್ಲಿ ಹೇಳು. ಬಡಗಿ ಮಾಮನ್ನ ಬಿಡ್ಲಾ? ಟೀ ಬಿಡ್ಲಾ?”

“ಎಲ್ಲಾನೂ ಬಿಡು,” ಎಂದಳು ತಾಯಿ. ಹೇಳಿದ ಮೇಲೆ ಅವಳಿಗೆ ಮಗಳ ಮುಖ ನೋಡಲಾಗಲಿಲ್ಲ. “ನಿನ್ನ ಕಾಲಿಗೆ ಬೀಳ್ತೀನಿ.”

“ಅಮ್ಮ, ಹಾಗೆಲ್ಲ ಅನ್ನಬೇಡ,” ಎಂದಳು ಮಗಳು. ಆಮೇಲೆ ನಲ್ಲಿ ಮತ್ತೆ ತಿರುಗಿಸುತ್ತ, “ಸರಿ,” ಎಂದಳು. ಅಷ್ಟೇ. ಒಂದು ಜಗಳ ಆಡಿದ್ದರೂ ಹೊಲಿಗೆಯಮ್ಮನ ಎದೆ ಅಷ್ಟು ಭಾರವಾಗುತ್ತಿರಲಿಲ್ಲ.

ಕೊನೆಯ ದಿನಾಂಕ ತಲೆಯ ಮೇಲೆ ಬಂದಿತ್ತು. ಮಗಳು ಮಾರ್ಕೆಟ್ಟಿಗೆ ಹೋಗಿ, ತರಕಾರಿಯವರು ನೆರಳಿನ ಜೊತೆ ಸರಿಯುವುದನ್ನು ನೋಡಿ, ಅಚ್ಚುಕಟ್ಟಾಗಿ ಬರೆದು ಕಳಿಸಿದಳು. ಟೀಚರು ಯಾಕೆ ಎಂದು ಕೇಳಿದ್ದಕ್ಕೆ ಮನಸ್ಸು ಬದಲಾಯಿತು ಎಂದಳಂತೆ. ಅವರಿಗೆ ಸಿಟ್ಟು ಬಂದು ಕೆಲವು ದಿನ ಮಾತಾಡಿಸಲಿಲ್ಲವಂತೆ. ಮನೆಯಲ್ಲಿ ಅಪ್ಪ, “ಯಾವುದು ಕಳಿಸಿದೆ?” ಎಂದು ಕೇಳಿದ. “ಮಾರ್ಕೆಟ್ಟಿಂದು,” ಎಂದಳು. ಅವನು ಹೆಂಡತಿಯ ಕಡೆ ಒಮ್ಮೆ ನೋಡಿದ. ಹೊಲಿಗೆಯಮ್ಮ ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ತಲೆ ತಗ್ಗಿಸಿದಳು.

ವಾರಗಳು ಕಳೆದವು. ಗಿರಾಕಿಗಳು ಅಳತೆ ಕೊಡುವಾಗ ಹೊಲಿಗೆಯಮ್ಮ ಬಾಯಿ ಬಿಡುತ್ತಿರಲಿಲ್ಲ. “ಯಾಕಮ್ಮ, ಮೈ ಹುಷಾರಿಲ್ವಾ?” ಎಂದು ಕೇಳುವವರೂ ಇದ್ದರು. ಒಂದು ಮಧ್ಯಾಹ್ನ ಮಗಳು ಬೀನ್ಸ್ ಮುರಿಯುತ್ತ ಕೂತವಳು, “ನನ್ನನ್ನ ಸಂದರ್ಶನಕ್ಕೆ ಕರೆದಿಲ್ಲ. ಮೊದಲ ಪಟ್ಟಿಯಲ್ಲೇ ಹೆಸರಿಲ್ಲ,” ಎಂದಳು, ಬೀನ್ಸ್ ಬೆಂದಿಲ್ಲ ಎಂದಷ್ಟು ಸಾಧಾರಣವಾಗಿ. ಇಲ್ಲಿನ ಕಾಲೇಜಿನಲ್ಲಿ ಭೂಗೋಳ ಇಲ್ಲ, ಲೆಕ್ಕಶಾಸ್ತ್ರ ತಗೊಳ್ತೀನಿ ಎಂದೂ ಹೇಳಿದಳು.

“ಮುಂದಿನ ವರ್ಷ ಮತ್ತೆ ಹಾಕಿದ್ರಾಯ್ತು ಟೇಪು,” ಎಂದರು ತಾತ. ಭೂಗೋಳವನ್ನು ಹಾಸ್ಯ ಮಾಡುವುದನ್ನು ಅವರು ಬಿಟ್ಟೇ ಎಷ್ಟೋ ದಿನವಾಗಿತ್ತು.

“ಮುಂದಿನ ವರ್ಷ ಏನು ಬರೀಲಿ ತಾತ?”

ಅಪ್ಪ ಎದ್ದು ಹಿತ್ತಲಿಗೆ ಹೋದ. ಅವನು ಅಳುವ ಸದ್ದು ಯಾರಿಗೂ ಕೇಳಿಸಬಾರದೆಂದು ನಲ್ಲಿ ಬಿಟ್ಟುಕೊಂಡಿದ್ದ. ಬಕೆಟ್ಟು ತುಂಬಿ ಹರಿಯುವುದು ಮಾತ್ರ ಎಲ್ಲರಿಗೂ ಕೇಳಿಸಿತು.

ಅದಾದ ಮುಂದಿನ ಭಾನುವಾರ ಬಡಗಿ ಬಂದ. ಹೆಗಲ ಮೇಲೆ ನುಣ್ಣಗೆ ಹೆರೆದ ಒಂದು ದೊಡ್ಡ ಹಲಗೆ. ನಕ್ಷೆ ಬರೆಯಲು ಇಟ್ಟುಕೊಳ್ಳುವ ಹಲಗೆ. ಹಾಳೆ ಜಾರದಂತೆ ಕೆಳಗೊಂದು ಪಟ್ಟಿ, ಎತ್ತಿಕೊಂಡು ಹೋಗಲು ಮೇಲೊಂದು ಹಿಡಿ.

“ಯೂನಿವರ್ಸಿಟಿಗೆ ಹೋಗುವಾಗ ಕೊಡೋಣ ಅಂತ ಮಾಡಿಟ್ಟಿದ್ದೆ,” ಎಂದ ಅವನು ಹೊಸ್ತಿಲಾಚೆಯೇ ನಿಂತು. “ಸಿಗಲಿಲ್ಲ ಅಂತ ಕೇಳಿದೆ. ಆದ್ರೂ ಹಲಗೆ ಇವಳದ್ದೇ.”

ತಾತ ಒಳಗೆ ಕರೆದರು. ಬಂದವರಿಗೆ ಟೀ ಕೊಡಬೇಕಲ್ಲ, ಹೊಲಿಗೆಯಮ್ಮನ ಕೈ ತಾನಾಗಿ ಒಲೆಯ ಕಡೆ ಹೋಯಿತು. ಅವಳು ಲೋಟ ತಂದು ಇಟ್ಟಾಗ ಬಡಗಿ ಮಗಳಿಗೆ ಏನೋ ಕೇಳುತ್ತಿದ್ದ, ತಪ್ಪು ಮಾಡಿದವನ ದನಿಯಲ್ಲಿ.

“ನಾನು ಹೇಳಿದ್ದರಲ್ಲಿ ಏನಾದ್ರೂ ಹೆಚ್ಚುಕಮ್ಮಿ ಆಯ್ತಾ ಮಗಳೇ? ಆವತ್ತಿನ ಗಾಬರೀಲಿ ಹೊತ್ತು ಗೊತ್ತು ಸರಿಯಾಗಿ ನೆನಪಿರಲಿಲ್ಲ ನಂಗೆ. ಅಂಟಿನ ಲೆಕ್ಕ ಹೇಳಿದೆ. ಅದು ತಪ್ಪಾಗಿ, ಅದರಿಂದ ನಿನ್ನ ಸೀಟು ಹೋಗಿದ್ರೆ...”

“ಇಲ್ಲ ಮಾಮ. ನಿಮ್ಮದು ಸರಿಯಾಗೇ ಇತ್ತು.”

“ನನ್ನ ಸಮಾಧಾನಕ್ಕೆ ಹೇಳಬೇಡ. ತಪ್ಪಿದ್ರೆ ಹೇಳು. ನಾನೇ ಹೋಗಿ ಅವರಿಗೆ ಹೇಳ್ತೀನಿ, ಹುಡುಗಿದೇನೂ ತಪ್ಪಿಲ್ಲ, ಹೇಳಿದವನದ್ದು ತಪ್ಪು ಅಂತ.”

ಮಗಳು ಅಮ್ಮನನ್ನು ನೋಡಿದಳು. ಹಿತ್ತಲ ಬಾಗಿಲಲ್ಲಿ ಅಪ್ಪ ಬಂದು ನಿಂತಿದ್ದ. ಹೊಲಿಗೆಯಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಡಗಿಯ ಎದುರು ನೆಲದ ಮೇಲೆ ಕೂತಳು. ಹೆಂಡತಿ ಸತ್ತವನು ತಾನೇ ತಪ್ಪಿತಸ್ಥನೆಂದು ಕ್ಷಮೆ ಕೇಳುತ್ತಿರುವುದನ್ನು ಕೇಳಿಕೊಂಡು ಕೂರಲು ಅವಳಿಂದ ಆಗಲಿಲ್ಲ.

“ಆವತ್ತು ಮಳೆ ಇಳಿದಿತ್ತು ಅಣ್ಣ,” ಎಂದು ಶುರು ಮಾಡಿದಳು. “ನಾನು ಟೀಗೆ ಇಟ್ಟಿದ್ದೆ. ಇವರು ಮನೆಗೆ ಬಂದ್ರು.”

ಬಡಗಿಗೆ ಗೊತ್ತಿದ್ದ ಕಥೆಯೇ. ಬೀದಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಮಿಷನ್ನು, ಮಂಚ, ಬಟ್ಟೆ ಗಂಟು, ಮಗಳ ಪುಸ್ತಕ, ಎಲ್ಲ ಅದೇ ಕ್ರಮದಲ್ಲಿ ಬಂತು. ಮೂಟೆಯ ಮಾತು ಬರಬೇಕಾದಲ್ಲಿ ಮಾವ ಈ ಸಲ ಏನೂ ಸೇರಿಸಲಿಲ್ಲ. ಆಮೇಲೆ ಅವಳು ಮೋಟ್ರು ಆರಲು ಬಿಟ್ಟದ್ದನ್ನು ಹೇಳಿದಳು. ಹೊರಟವರನ್ನು ಕೂರಿಸಿದ್ದನ್ನು ಹೇಳಿದಳು. ತೆರೆಯದ ಬಾಗಿಲನ್ನು ಹೇಳಿದಳು. ಮಗಳು ಎಲ್ಲ ಬರೆದಿದ್ದನ್ನೂ, ತಾನು ಅದನ್ನು ಕಳಿಸಲು ಬಿಡದಿದ್ದನ್ನೂ ಹೇಳಿದಳು.

ಬಡಗಿ ಇನ್ನೂ ಮುಟ್ಟದ ಟೀ ಲೋಟವನ್ನು ಕೈಗೆತ್ತಿಕೊಂಡ.

“ಇಷ್ಟೇ ಲೋಟಾನಾ?” ಎಂದು ಕೇಳಿದ.

“ಹೂಂ ಅಣ್ಣ. ಇದೇ ಲೋಟ.”

ಅವನು ಅದನ್ನು ನೆಲಕ್ಕಿಟ್ಟ, ಚೆಲ್ಲದ ಹಾಗೆ. ಎದ್ದು ನಿಂತ. ಪಂಪಿನಣ್ಣ ಕೈ ಮುಗಿದು ನಿಂತಿದ್ದ. ಬಡಗಿ ಅವನ ಕಡೆ ನೋಡಲಿಲ್ಲ. ಬಾಗಿಲ ಹತ್ತಿರ ಹೋದವನು ಗೋಡೆಗೆ ಒರಗಿಸಿದ್ದ ಹಲಗೆಯ ಮುಂದೆ ನಿಂತ. ಎತ್ತಿಕೊಂಡು ಹೋಗುತ್ತಾನೆ ಎಂದುಕೊಂಡಳು ಹೊಲಿಗೆಯಮ್ಮ. ಹೋಗಲಿ ಎಂದೂ ಅನ್ನಿಸಿತು.

“ಇನ್ನೊಂದು ಸಲ ಪಾಲಿಶ್ ಹೊಡೀಬೇಕು ಮಗಳೇ,” ಎಂದ ಅವನು ಹುಡುಗಿಗೆ. “ಬಿಸಿಲಿಗೆ ಇಡಬೇಡ, ಸೊಟ್ಟಗಾಗುತ್ತೆ.”

ಅವನು ಬೀದಿಯಲ್ಲಿ ಕೆಳಕ್ಕೆ ಇಳಿದುಹೋದ. ಸ್ವಲ್ಪ ದೂರ ಬಿಟ್ಟು ಪಂಪಿನಣ್ಣ ಬರಿಗಾಲಲ್ಲಿ ಅವನ ಹಿಂದೆ ನಡೆದ, ಹತ್ತಿರ ಹೋಗುವ ಧೈರ್ಯವಿಲ್ಲದೆ, ಹಿಂದಿರುಗಲೂ ಆಗದೆ. ಇಬ್ಬರೂ ಮರೆಯಾಗುವ ತನಕ ಹೊಲಿಗೆಯಮ್ಮ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಬಂದಾಗ ಮಗಳು ಆ ಲೋಟದ ಪಕ್ಕ ಕೂತಿದ್ದಳು. ಟೀಯಿಂದ ಇನ್ನೂ ಹಬೆ ಏಳುತ್ತಿತ್ತು.